ಚಿಕುನ್‌ಗುನ್ಯಾ: ‘ಬರೀ ಜ್ವರ’ವೋ, ‘ದೊಡ್ಡ ರೋಗ’ವೋ? ಎರಡೂ ಮಾತು ನಿಜವಾಗಿದ್ದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಲವತ್ತು ದಾಟಿದವರನ್ನು 2006ರ ಚಿಕುನ್‌ಗುನ್ಯಾ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ಅದೇನು ಅಂಥ ದೊಡ್ಡ ಕಾಯಿಲೆಯಲ್ಲ, ಜ್ವರ ಬಂತು, ವಾರಕ್ಕೆ ಬಿಟ್ಟಿತು, ಅದರಿಂದ ಯಾರೂ ಸಾಯಲಿಲ್ಲ ಎನ್ನುವವರು ಕೆಲವರು. ಊರಿಗೆ ಊರೇ ಮಲಗಿತ್ತು, ಒಬ್ಬರಿಗೊಬ್ಬರು ಗಂಜಿ ಕಾಯಿಸಿ ಕೊಡುವವರೂ ಇರಲಿಲ್ಲ, ಇವತ್ತಿಗೂ ಚಳಿ ಬಂದರೆ ಮಂಡಿ ಹಿಡಿದುಕೊಳ್ಳುತ್ತದೆ ಎನ್ನುವವರು ಇನ್ನು ಕೆಲವರು.

ಒಂದೇ ವರ್ಷ, ಒಂದೇ ರೋಗ, ಒಂದೇ ಸೀಮೆ. ಅಭಿಪ್ರಾಯ ಮಾತ್ರ ಇಷ್ಟು ದೂರ. ಹಾಗಾದರೆ ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಕೊರೋನಾ ಕಾಲದಲ್ಲೂ ನಾವು ಇದೇ ಜಗಳ ಆಡಿದೆವು, ಪ್ರತಿ ಮಳೆಗಾಲದ ಡೆಂಗಿ ಸುದ್ದಿಯ ಜೊತೆಗೂ ಆಡುತ್ತೇವೆ. ಹೊಸ ರೋಗವೊಂದು ಬಂದಾಗ ‘ಇದು ಎಷ್ಟು ಗಂಭೀರ?’ ಎಂಬ ಪ್ರಶ್ನೆಗೆ ಜನ ಬೇರೆ ಬೇರೆ ಉತ್ತರ ಕೊಡುವುದೇಕೆ ಎಂದು ಅರ್ಥ ಮಾಡಿಕೊಳ್ಳಲು 2006ರ ಚಿಕುನ್‌ಗುನ್ಯಾ ಒಳ್ಳೆಯ ಉದಾಹರಣೆ.

2006ರಲ್ಲಿ ಆಗಿದ್ದೇನು?

ಚಿಕುನ್‌ಗುನ್ಯಾ ಒಂದು ವೈರಸ್ ರೋಗ. ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆಗಳಿಂದ ಹರಡುತ್ತದೆ. ಡೆಂಗಿ ಹರಡುವುದೂ ಇದೇ ಸೊಳ್ಳೆ. ಆಫ್ರಿಕಾದ ಈಗಿನ ಟಾಂಜಾನಿಯಾ ದೇಶದ ದಕ್ಷಿಣ ಭಾಗದಲ್ಲಿ 1952ರಲ್ಲಿ ಕಾಣಿಸಿಕೊಂಡ ಸಾಂಕ್ರಾಮಿಕದ ಹೊತ್ತಿಗೆ ಇದನ್ನು ಮೊದಲು ಗುರುತಿಸಲಾಯಿತು. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ‘ಚಿಕುನ್‌ಗುನ್ಯಾ’ ಎಂದರೆ ಬಗ್ಗಿಸುವಂಥದ್ದು ಎಂಬ ಅರ್ಥ. ಕೀಲುನೋವಿಗೆ ರೋಗಿ ಬಗ್ಗಿ ನಡೆಯುವುದನ್ನು ನೋಡಿ ಅಲ್ಲಿನವರು ಇಟ್ಟ ಹೆಸರಿದು.

ನಮ್ಮ ದೇಶಕ್ಕೆ ಇದು ಪೂರ್ತಿ ಹೊಸದೇನೂ ಅಲ್ಲ. 1963ರಲ್ಲಿ ಕಲ್ಕತ್ತಾದಲ್ಲಿ, ಮರುವರ್ಷ ಮದ್ರಾಸು, ಪಾಂಡಿಚೇರಿ, ವೆಲ್ಲೂರುಗಳಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಬಂದುಹೋಗಿತ್ತು. ಆಮೇಲೆ ಸುಮಾರು 32 ವರ್ಷ ದೊಡ್ಡ ಪ್ರಮಾಣದಲ್ಲಿ ಕಾಣಿಸಲೇ ಇಲ್ಲ. 2005ರ ಕೊನೆಗೆ ಆಂಧ್ರಪ್ರದೇಶ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮತ್ತೆ ತಲೆಯೆತ್ತಿತು. ಹಿಂದೆ ಬಂದಿದ್ದು ಏಷ್ಯಾ ತಳಿಯ ವೈರಸ್, ಈ ಸಲದ್ದು ಆಫ್ರಿಕಾ ತಳಿಯದ್ದು ಎಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು.

2006ರ ಇಡೀ ವರ್ಷದಲ್ಲಿ ದೇಶದಲ್ಲಿ ದಾಖಲಾದ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 7.5 ಲಕ್ಷ, ಕರ್ನಾಟಕ ಒಂದರದ್ದೇ. ಹೆಚ್ಚು ಬಾಧಿತವಾದ ಜಿಲ್ಲೆಗಳ ಪಟ್ಟಿಯಲ್ಲಿ ತುಮಕೂರೂ ಇತ್ತು. ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ದಾಖಲೆಯಲ್ಲಿ ಚಿಕುನ್‌ಗುನ್ಯಾದಿಂದ ಸತ್ತವರ ಸಂಖ್ಯೆ ಸೊನ್ನೆ.

ಒಂದೇ ಪುಟದಲ್ಲಿರುವ ಈ ಎರಡು ಅಂಕಿಗಳೇ ಎರಡು ಅಭಿಪ್ರಾಯಗಳ ಮೂಲ. ಮೊದಲನೆಯದನ್ನು ಓದಿದವರಿಗೆ ಅದು ದೊಡ್ಡ ರೋಗ. ಎರಡನೆಯದನ್ನು ಓದಿದವರಿಗೆ ಬರೀ ಜ್ವರ.

ತೆಂಗಿನ ತೋಟದಲ್ಲೇ ಇದೆ ಉತ್ತರ

ಇದನ್ನು ತೆಂಗು ಬೆಳೆಯುವವರಿಗೆ ವಿವರಿಸುವುದು ಸುಲಭ. ತೋಟಕ್ಕೆ ಬರುವ ರೋಗಗಳೆಲ್ಲ ಒಂದೇ ತೂಕದವಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಅಣಬೆ ರೋಗವನ್ನು ತೆಗೆದುಕೊಳ್ಳಿ. ಅದು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಬುಡದಲ್ಲಿ ಕಂದು ರಸ ಸೋರುತ್ತದೆ, ಗರಿ ಜೋತುಬೀಳುತ್ತದೆ, ಕೊನೆಗೆ ಮರವೇ ಹೋಗುತ್ತದೆ. ಆದರೆ ಬೇರಿನಿಂದ ಬೇರಿಗೆ ನಿಧಾನವಾಗಿ ಹಬ್ಬುವುದರಿಂದ ತೋಟದ ಎಲ್ಲ ಮರಕ್ಕೂ ಒಂದೇ ಸಲ ತಗಲುವುದಿಲ್ಲ.

ಈಗ ನುಸಿ ಪೀಡೆಯನ್ನು ನೆನಪಿಸಿಕೊಳ್ಳಿ. ನಮ್ಮ ದೇಶದಲ್ಲಿ 1998ರಲ್ಲಿ ಕೇರಳದಲ್ಲಿ ಮೊದಲು ಗುರುತಿಸಲಾದ ಈ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಕಣ್ಣಿಗೆ ಕಾಣದಷ್ಟು ಚಿಕ್ಕದು, ಗಾಳಿಯಲ್ಲಿ ತೇಲಿ ಬರುತ್ತದೆ. ಎಳೆ ಕಾಯಿಯ ತೊಟ್ಟಿನ ಟೋಪಿಯ ಕೆಳಗೆ ಕೂತು ರಸ ಹೀರುತ್ತದೆ. ಅದರಿಂದ ಮರ ಸಾಯುವುದಿಲ್ಲ. ಆದರೆ ಕಾಯಿ ಸಣ್ಣದಾಗುತ್ತದೆ, ಸಿಪ್ಪೆ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ, ಸುಲಿಯಲು ಕಷ್ಟ, ಕೊಬ್ಬರಿ ತೂಕವೂ ಇಳಿಯುತ್ತದೆ.

‘ನುಸಿಯಿಂದ ಎಷ್ಟು ಮರ ಸತ್ತವು?’ ಎಂದು ಕೇಳಿದರೆ ಉತ್ತರ ‘ಒಂದೂ ಇಲ್ಲ’. ಅಷ್ಟರಿಂದಲೇ ‘ನುಸಿ ಸಣ್ಣ ರೋಗ’ ಎಂದು ತೀರ್ಮಾನಿಸಿದರೆ ಯಾವ ರೈತನೂ ಒಪ್ಪುವುದಿಲ್ಲ. ಅವನು ಲೆಕ್ಕ ಹಾಕುವುದು ಉಳಿದ ಮರ ಎಷ್ಟು ಕೊಟ್ಟಿತು ಎಂದು. ಚಿಕುನ್‌ಗುನ್ಯಾ ಮನುಷ್ಯರಿಗೆ ಬಂದ ನುಸಿ ಪೀಡೆಯಂಥದ್ದು. ಅದರ ತೂಕವನ್ನು ಅಣಬೆ ರೋಗದ ತಕ್ಕಡಿಯಲ್ಲಿ ಅಳೆಯಲು ಹೋದರೆ ಸೊನ್ನೆಯೇ ಕಾಣುತ್ತದೆ.

ಒಂದು ಪ್ರಶ್ನೆಯಲ್ಲ, ನಾಲ್ಕು ಪ್ರಶ್ನೆ

‘ಎಷ್ಟು ಗಂಭೀರ?’ ಎಂಬುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಕನಿಷ್ಠ ನಾಲ್ಕು ಪ್ರಶ್ನೆಗಳಿವೆ.

ಮೊದಲನೆಯದು, ಎಷ್ಟು ಜನರಿಗೆ ಬರುತ್ತದೆ? ಕರ್ನಾಟಕದಲ್ಲೇ ಇರುವ ಎರಡು ರೋಗಗಳನ್ನು ಹೋಲಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಆದರೆ ಅದು ಉಣ್ಣೆಗಳಿಂದ ಹರಡುವ, ಕಾಡಂಚಿನ ಜನರಿಗೆ ಬರುವ ರೋಗ. ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ಪ್ರಕರಣಗಳು ಮಾತ್ರ. ಚಿಕುನ್‌ಗುನ್ಯಾದಲ್ಲಿ ಸಾಯುವ ಅಪಾಯ ಅದಕ್ಕಿಂತ ಬಹಳ ಕಡಿಮೆ. ಆದರೆ ಅದು ಮನೆಯೊಳಗಿನ ನೀರಿನ ತೊಟ್ಟಿಯಲ್ಲಿ ಹುಟ್ಟುವ ಸೊಳ್ಳೆಯಿಂದ ಬರುತ್ತದೆ, ಒಂದೇ ವರ್ಷದಲ್ಲಿ ಲಕ್ಷಾಂತರ ಜನರನ್ನು ಮುಟ್ಟುತ್ತದೆ.

ಇಲ್ಲಿ ಇನ್ನೊಂದು ವಿಶೇಷವಿದೆ. ಡೆಂಗಿ ವೈರಸ್ ತಗಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಚಿಕುನ್‌ಗುನ್ಯಾ ಇದಕ್ಕೆ ತದ್ವಿರುದ್ಧ. ಸೋಂಕು ತಗಲಿದ ಹೆಚ್ಚಿನವರು ಕಾಯಿಲೆ ಬೀಳುತ್ತಾರೆ. ‘ಊರಿಗೆ ಊರೇ ಮಲಗಿತ್ತು’ ಎಂಬ ಮಾತು ಉತ್ಪ್ರೇಕ್ಷೆಯಂತೆ ಕೇಳಿಸಿದರೂ ಅದರ ಹಿಂದೆ ಈ ಕಾರಣವಿದೆ.

ಎರಡನೆಯದು, ಬಂದವರಲ್ಲಿ ಎಷ್ಟು ಜನ ಸಾಯುತ್ತಾರೆ? ಚಿಕುನ್‌ಗುನ್ಯಾದಲ್ಲಿ ಈ ಪ್ರಮಾಣ ಸುಮಾರು ಸಾವಿರಕ್ಕೆ ಒಂದು ಎಂದು ಅಂದಾಜು. ಅಪಾಯ ಎಲ್ಲರಿಗೂ ಸಮವಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ಪಡೆದ ನವಜಾತ ಶಿಶುಗಳಿಗೆ ಅಪಾಯ ಹೆಚ್ಚು.

ಮೂರನೆಯದು, ಬದುಕಿದವರು ಎಷ್ಟು ದಿನ ನರಳುತ್ತಾರೆ? ಜ್ವರ ವಾರದೊಳಗೆ ಇಳಿಯುತ್ತದೆ. ಮಣಿಕಟ್ಟು, ಬೆರಳು, ಮಂಡಿ, ಹಿಮ್ಮಡಿಗಳ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2006ರ ಸಾಂಕ್ರಾಮಿಕದಿಂದ ದೇಶಕ್ಕಾದ ನಷ್ಟವನ್ನು ‘ಆರೋಗ್ಯವಾಗಿ ಬದುಕಬೇಕಿದ್ದ ವರ್ಷಗಳ’ ಲೆಕ್ಕದಲ್ಲಿ ಅಳೆದರು. ಒಟ್ಟು 25,588 ವರ್ಷಗಳಷ್ಟು ಆರೋಗ್ಯವಂತ ಬದುಕು ನಷ್ಟವಾಗಿತ್ತು. ಅದರಲ್ಲಿ ಶೇ. 69ರಷ್ಟು ಬಂದಿದ್ದು ಬಿಡದೆ ಕಾಡಿದ ಕೀಲುನೋವಿನಿಂದ. ಇಡೀ ದೇಶದ ಹೊರೆಯಲ್ಲಿ ಶೇ. 55ರಷ್ಟು ಹೊತ್ತಿದ್ದು ಕರ್ನಾಟಕ.

ನಾಲ್ಕನೆಯದು, ಹೊರೆ ಯಾರ ಮೇಲೆ ಬೀಳುತ್ತದೆ? ಅದೇ ಅಧ್ಯಯನದ ಪ್ರಕಾರ ದುಡಿಯಲಾಗದೆ ಕಳೆದುಕೊಂಡ ಆದಾಯ ಕನಿಷ್ಠವೆಂದರೂ 39 ಕೋಟಿ ರೂಪಾಯಿ. ಈ ನಷ್ಟ ಎಲ್ಲರಿಗೂ ಹಂಚಿಹೋಗುವುದಿಲ್ಲ. ತಿಂಗಳ ಸಂಬಳದವರು ರಜೆ ಹಾಕಿ ಮಲಗಬಹುದು. ಮರ ಹತ್ತಿ ಕಾಯಿ ಕೀಳುವವರು, ಹಾರೆಗೆ ಹೊಡೆದು ಸಿಪ್ಪೆ ಸುಲಿಯುವವರು, ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆಯುವ ಹೆಂಗಸರು, ಹುರಿ ಹೊಸೆಯುವವರು, ಇವರೆಲ್ಲರ ಸಂಪಾದನೆ ಇರುವುದೇ ಮಣಿಕಟ್ಟು ಮತ್ತು ಮಂಡಿಯಲ್ಲಿ. ಚಿಕುನ್‌ಗುನ್ಯಾ ಹಿಡಿಯುವುದೂ ಅದೇ ಜಾಗವನ್ನು. ಎಣಿಕೆಗೆ ಕೂಲಿ ಪಡೆಯುವವರಿಗೆ ಬೆರಳು ಮಡಚಲಾಗದ ಒಂದು ತಿಂಗಳು ಎಂದರೆ ಒಂದು ತಿಂಗಳ ಸಾಲ.

ಈ ನಾಲ್ಕರಲ್ಲಿ ಎರಡನೆಯದಕ್ಕೆ ಉತ್ತರ ಕೊಟ್ಟವರು ‘ಬರೀ ಜ್ವರ’ ಎಂದರು. ಉಳಿದ ಮೂರಕ್ಕೆ ಉತ್ತರ ಕೊಟ್ಟವರು ‘ದೊಡ್ಡ ರೋಗ’ ಎಂದರು.

ಸಾವಿನ ಲೆಕ್ಕ ಸೊನ್ನೆಯಾಗಿದ್ದು ಹೇಗೆ?

ಸಾವಿರಕ್ಕೆ ಒಂದು ಎಂದಾದರೂ 13.9 ಲಕ್ಷ ಪ್ರಕರಣಗಳಿಗೆ ಸಾವಿರಕ್ಕೂ ಹೆಚ್ಚು ಸಾವುಗಳು ಇರಬೇಕಿತ್ತಲ್ಲ? ಇದೇ ಪ್ರಶ್ನೆಯನ್ನು ಕೆಲವು ಸಂಶೋಧಕರೂ ಕೇಳಿದರು.

ಹಿಂದೂ ಮಹಾಸಾಗರದಲ್ಲಿರುವ ಫ್ರಾನ್ಸಿನ ಆಡಳಿತದ ರಿಯೂನಿಯನ್ ದ್ವೀಪಕ್ಕೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಚಿಕುನ್‌ಗುನ್ಯಾ ಬಂದಿತ್ತು. ಅಲ್ಲಿ 2005-06ರಲ್ಲಿ ಸುಮಾರು 2.66 ಲಕ್ಷ ಜನರಿಗೆ, ಅಂದರೆ ದ್ವೀಪದ ಮೂವರಲ್ಲಿ ಒಬ್ಬರಿಗೆ ರೋಗ ತಗಲಿತು. 2006ರ ಫೆಬ್ರವರಿಯ ಒಂದೇ ವಾರದಲ್ಲಿ 40,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಅಲ್ಲಿ ಪ್ರತಿ ಸಾವಿಗೂ ವೈದ್ಯರು ಕಾರಣ ಬರೆದ ಪ್ರಮಾಣಪತ್ರ ಇರುತ್ತದೆ. ಅವುಗಳಲ್ಲಿ ಸುಮಾರು 250 ಪತ್ರಗಳಲ್ಲಿ ಚಿಕುನ್‌ಗುನ್ಯಾ ಎಂದು ಬರೆದಿತ್ತು. ಸಾವಿರಕ್ಕೆ ಒಂದು ಎಂಬ ಅಂದಾಜು ಬಂದಿದ್ದು ಮುಖ್ಯವಾಗಿ ಇಲ್ಲಿಂದ.

ನಮ್ಮಲ್ಲಿ ಹಾಗಿಲ್ಲ. ಹಳ್ಳಿಗಳಲ್ಲಿ ಎಷ್ಟೋ ಸಾವುಗಳು ಮನೆಯಲ್ಲೇ ಆಗುತ್ತವೆ, ವೈದ್ಯರು ಕಾರಣ ಬರೆಯುವುದಿಲ್ಲ. ಎಪ್ಪತ್ತೈದರ ಸಕ್ಕರೆ ಕಾಯಿಲೆಯ ಅಜ್ಜಿಗೆ ಜ್ವರ ಬಂದು, ಊಟ ಬಿಟ್ಟು, ಇಪ್ಪತ್ತು ದಿನಕ್ಕೆ ತೀರಿಕೊಂಡರೆ ಮನೆಯವರು ‘ವಯಸ್ಸಾಗಿತ್ತು’ ಎನ್ನುತ್ತಾರೆ. ಆಸ್ಪತ್ರೆಗೆ ಹೋಗಿದ್ದರೆ ‘ಹೃದಯಾಘಾತ’ ಅಥವಾ ‘ಕಿಡ್ನಿ ವೈಫಲ್ಯ’ ಎಂದು ದಾಖಲಾಗುತ್ತದೆ. ಅದರ ಜೊತೆಗೆ, ಚಿಕುನ್‌ಗುನ್ಯಾ ಪ್ರಾಣಾಂತಿಕವಲ್ಲ ಎಂಬ ನಂಬಿಕೆ ವೈದ್ಯಕೀಯ ವಲಯದಲ್ಲೂ ಇತ್ತು. ರೋಗ ಕೊಲ್ಲುವುದಿಲ್ಲ ಎಂದು ಮೊದಲೇ ನಂಬಿದವರು ಸಾವಿನ ಕಾಲಂನಲ್ಲಿ ಅದರ ಹೆಸರು ಬರೆಯುವುದು ಅಪರೂಪ.

ಇಂಥ ಸಂದರ್ಭದಲ್ಲಿ ಸಂಶೋಧಕರು ಇನ್ನೊಂದು ದಾರಿ ಹಿಡಿಯುತ್ತಾರೆ. ಯಾರು ಯಾವುದರಿಂದ ಸತ್ತರು ಎನ್ನುವುದನ್ನು ಬದಿಗಿಟ್ಟು, ಆ ತಿಂಗಳುಗಳಲ್ಲಿ ಒಟ್ಟು ಎಷ್ಟು ಜನ ಸತ್ತರು, ಹಿಂದಿನ ವರ್ಷಗಳ ಅದೇ ತಿಂಗಳುಗಳಲ್ಲಿ ಎಷ್ಟು ಸತ್ತಿದ್ದರು ಎಂದು ಹೋಲಿಸುತ್ತಾರೆ. ಇದಕ್ಕೆ ‘ಹೆಚ್ಚುವರಿ ಸಾವು’ಗಳ ಲೆಕ್ಕ ಎನ್ನುತ್ತಾರೆ. ಕೊರೋನಾ ಕಾಲದಲ್ಲಿ ಈ ಮಾತು ನಾವು ಸಾಕಷ್ಟು ಕೇಳಿದ್ದೇವೆ. ಗುಜರಾತಿನ ಅಹಮದಾಬಾದ್ ನಗರದಲ್ಲಿ ಚಿಕುನ್‌ಗುನ್ಯಾ ಜೋರಾಗಿದ್ದ 2006ರ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಹಿಂದಿನ ನಾಲ್ಕು ವರ್ಷಗಳ ಸರಾಸರಿಗಿಂತ 2,944 ಸಾವುಗಳು ಹೆಚ್ಚಾಗಿದ್ದವು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆ 2,944 ಸಾವುಗಳೂ ಚಿಕುನ್‌ಗುನ್ಯಾದಿಂದಲೇ ಆದವು ಎಂದು ಇದರಿಂದ ಸಾಬೀತಾಗುವುದಿಲ್ಲ. ಅದೇ ಹೊತ್ತಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ‘ಸೊನ್ನೆ’ ಎಂಬ ಅಂಕಿ ‘ಯಾರೂ ಸಾಯಲಿಲ್ಲ’ ಎಂಬುದಕ್ಕೆ ಪುರಾವೆಯಲ್ಲ, ‘ಯಾವ ಸಾವನ್ನೂ ಆ ಹೆಸರಿನಲ್ಲಿ ಬರೆದುಕೊಳ್ಳಲಿಲ್ಲ’ ಎಂಬುದಕ್ಕೆ ಪುರಾವೆ ಎಂಬುದಂತೂ ಸ್ಪಷ್ಟವಾಯಿತು.

ಊರಿನಲ್ಲಿ ಕಾಣದ್ದು ತಾಲ್ಲೂಕಿನಲ್ಲಿ ಕಾಣುತ್ತದೆ

ನಮ್ಮ ಕಣ್ಣಳತೆಗೂ ಒಂದು ಮಿತಿಯಿದೆ. ಒಂದು ಸಣ್ಣ ಲೆಕ್ಕ ಮಾಡೋಣ. ಇದು ಉದಾಹರಣೆಗಾಗಿ ಮಾಡುವ ಲೆಕ್ಕವೇ ಹೊರತು ಯಾವ ಊರಿನಲ್ಲೂ ನಡೆದ ಘಟನೆಯಲ್ಲ.

1,500 ಜನರಿರುವ ಒಂದು ಹಳ್ಳಿ ಇದೆ ಎಂದುಕೊಳ್ಳಿ. ರಿಯೂನಿಯನ್‌ನಲ್ಲಿ ಆದಂತೆ ಮೂವರಲ್ಲಿ ಒಬ್ಬರಿಗೆ ರೋಗ ಬಂದರೆ 500 ಜನ ಕಾಯಿಲೆ ಬೀಳುತ್ತಾರೆ. ಸಾವಿರಕ್ಕೆ ಒಂದು ಸಾವು ಎಂದರೆ ಆ ಹಳ್ಳಿಯಲ್ಲಿ ಸಾವು ಆಗಲೂಬಹುದು, ಆಗದೆಯೂ ಇರಬಹುದು. ಇಂಥ ಎರಡು ಹಳ್ಳಿಗೆ ಸರಾಸರಿ ಒಂದು ಸಾವು. ಅದೂ ವಯಸ್ಸಾದವರದ್ದಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಊರಿನ ಜನ ‘ಐನೂರು ಜನಕ್ಕೆ ಬಂತು, ಒಬ್ಬರೂ ಸಾಯಲಿಲ್ಲ’ ಎಂದರೆ ಅದು ಕಣ್ಣಾರೆ ಕಂಡ ಸತ್ಯ.

ಈಗ ಎರಡು ಲಕ್ಷ ಜನರಿರುವ ತಾಲ್ಲೂಕಿಗೆ ಇದೇ ಲೆಕ್ಕ ಹಾಕಿ. ಕಾಯಿಲೆ ಬೀಳುವವರು ಸುಮಾರು 66,000. ಸಾವುಗಳು ಸುಮಾರು 66. ಒಂದು ಬಸ್ಸು ಉರುಳಿ ಅಷ್ಟು ಜನ ಸತ್ತಿದ್ದರೆ ದೇಶಕ್ಕೆಲ್ಲ ಸುದ್ದಿಯಾಗುತ್ತಿತ್ತು. ನೂರಾರು ಹಳ್ಳಿಗಳಲ್ಲಿ, ಕೆಲವು ತಿಂಗಳಲ್ಲಿ, ಒಂದೊಂದೇ ಮನೆಯಲ್ಲಿ ಆದಾಗ ಯಾರ ಗಮನಕ್ಕೂ ಬರುವುದಿಲ್ಲ.

ಸಣ್ಣ ಅಪಾಯ ದೊಡ್ಡ ಜನಸಂಖ್ಯೆಗೆ ಹಬ್ಬಿದಾಗ ದೊಡ್ಡ ನಷ್ಟವಾಗುತ್ತದೆ. ಆದರೆ ಒಬ್ಬೊಬ್ಬರ ಅನುಭವದಲ್ಲಿ ಅದು ಸಣ್ಣದಾಗಿಯೇ ಉಳಿಯುತ್ತದೆ. ‘ನಮ್ಮೂರಲ್ಲಿ ಏನೂ ಆಗಲಿಲ್ಲ’ ಎನ್ನುವವರೂ, ‘ಪರಿಸ್ಥಿತಿ ಗಂಭೀರ’ ಎನ್ನುವ ಆರೋಗ್ಯ ಇಲಾಖೆಯೂ ಒಂದೇ ಹೊತ್ತಿನಲ್ಲಿ ಸರಿ ಇರಲು ಸಾಧ್ಯವಾಗುವುದು ಹೀಗೆ.

ಕೋಳಿ ಎಲ್ಲಿಂದ ಬಂತು?

ಆ ವರ್ಷ ಹಬ್ಬಿದ ಮಾತುಗಳಲ್ಲಿ ಬಹಳ ಪ್ರಸಿದ್ಧವಾದದ್ದು ‘ಇದು ಕೋಳಿಯಿಂದ ಬರುವ ರೋಗ’ ಎಂಬುದು. ‘ಚಿಕುನ್’ ಎಂಬುದು ಹಲವರ ಕಿವಿಗೆ ‘ಚಿಕನ್’ ಎಂದೇ ಬಿತ್ತು. ಇಷ್ಟು ಹೇಳಿ ನಗುವುದು ಸುಲಭ. ಆದರೆ ಆ ವರ್ಷ ಇನ್ನೊಂದು ಘಟನೆಯೂ ನಡೆದಿತ್ತು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು. ಕೋಳಿಗಳನ್ನು ರಾಶಿರಾಶಿಯಾಗಿ ಕೊಂದು ಹೂಳುವ ಸುದ್ದಿ ಟಿವಿಯಲ್ಲಿ ಬಂದಿತ್ತು. ಅದರ ಬೆನ್ನಿಗೇ ‘ಚಿಕನ್’ ಎಂದು ಕೇಳಿಸುವ ಹೊಸ ಜ್ವರ ಬಂದರೆ ಜನ ಎರಡನ್ನೂ ಗಂಟು ಹಾಕುವುದರಲ್ಲಿ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಕೋಳಿಗೂ ಚಿಕುನ್‌ಗುನ್ಯಾಕ್ಕೂ ಸಂಬಂಧವಿಲ್ಲ. ಕೋಳಿ ಬಿಟ್ಟವರಿಗೂ ರೋಗ ಬಂತು, ಜನ್ಮದಲ್ಲೇ ಕೋಳಿ ತಿನ್ನದವರಿಗೂ ಬಂತು.

ಇನ್ನೊಂದು ನಂಬಿಕೆ, ಇದು ಮುಟ್ಟಿದರೆ ಅಂಟುತ್ತದೆ ಎಂಬುದು. ಒಂದೇ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಮಲಗುವುದನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ನಿಜವಾದ ಕಾರಣ ಸೊಳ್ಳೆಯ ಸ್ವಭಾವ. ಈಡಿಸ್ ಸೊಳ್ಳೆ ಒಬ್ಬರ ಹತ್ತಿರ ಹೊಟ್ಟೆ ತುಂಬ ಕುಡಿದು ಸುಮ್ಮನಾಗುವುದಿಲ್ಲ. ಸ್ವಲ್ಪ ಕುಡಿದು, ಓಡಿಸಿದರೆ ಹಾರಿ, ಪಕ್ಕದವರಿಗೆ ಕಚ್ಚುತ್ತದೆ. ಬಹಳ ದೂರವೂ ಹೋಗುವುದಿಲ್ಲ, ಹುಟ್ಟಿದ ಮನೆಯ ಸುತ್ತಮುತ್ತಲೇ ಇರುತ್ತದೆ. ಹೀಗಾಗಿ ರೋಗ ಮನೆಮನೆಯಾಗಿ ಹಬ್ಬುತ್ತದೆ.

ಎಳನೀರು ಕುಡಿದರೆ ರೋಗ ಬರುವುದಿಲ್ಲವೇ ಎಂಬ ಪ್ರಶ್ನೆಯೂ ಉಂಟು. ಜ್ವರದಲ್ಲಿ ದೇಹಕ್ಕೆ ನೀರಿನಂಶ ಬೇಕು, ಅದಕ್ಕೆ ಎಳನೀರು ಒಳ್ಳೆಯದೇ. ಆದರೆ ಅದು ವೈರಸ್ಸನ್ನು ತಡೆಯುವುದೂ ಇಲ್ಲ, ಕೊಲ್ಲುವುದೂ ಇಲ್ಲ.

ಭಯ ಏರುವುದು, ಇಳಿಯುವುದು ಹೇಗೆ?

ಜನ ಅಪಾಯವನ್ನು ಅಂಕಿಗಳಿಂದ ಮಾತ್ರ ಅಳೆಯುವುದಿಲ್ಲ ಎಂಬುದನ್ನು ಸಂವಹನ ಮತ್ತು ಮನಶ್ಶಾಸ್ತ್ರದ ಸಂಶೋಧನೆಗಳು ಬಹಳ ಹಿಂದೆಯೇ ತೋರಿಸಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಎರಡು ಅಂಶಗಳನ್ನು ಮುಂದಿಟ್ಟರು. ಒಂದು, ಆ ಅಪಾಯ ಎಷ್ಟು ಭೀಕರವಾಗಿ, ಕೈಮೀರಿದ್ದಾಗಿ ಕಾಣುತ್ತದೆ. ಇನ್ನೊಂದು, ಅದು ಎಷ್ಟು ಅಪರಿಚಿತವಾಗಿದೆ. ಅಪರಿಚಿತವೂ ಭೀಕರವೂ ಆದದ್ದನ್ನು ಕಂಡರೆ ಭಯ ಹೆಚ್ಚು. ಪರಿಚಿತವಾದದ್ದು ನಿಜಕ್ಕೂ ಅಪಾಯಕಾರಿಯಾಗಿದ್ದರೂ ಭಯ ಕಡಿಮೆ.

ಹೊಸ ರೋಗದ ಮೊದಲ ವಾರಗಳಲ್ಲಿ ಎರಡೂ ಅಂಶ ಸೇರಿಕೊಳ್ಳುತ್ತವೆ. ಹೆಸರು ಹೊಸದು, ನಡೆಯಲಾಗದೆ ಬಗ್ಗಿದವರ ನೋಟ ಕಣ್ಣೆದುರಿಗೆ, ಔಷಧಿ ಏನೆಂದು ಯಾರಿಗೂ ಗೊತ್ತಿಲ್ಲ. ಆಗ ಶಾಶ್ವತವಾಗಿ ಕೈಕಾಲು ಬಿದ್ದುಹೋಗುತ್ತದೆ ಎಂಬಂಥ ಮಾತು ಹಬ್ಬುತ್ತದೆ. ಕೆಲವು ತಿಂಗಳಲ್ಲಿ ರೋಗ ಪರಿಚಿತವಾಗುತ್ತದೆ. ಬಂದು ಎದ್ದವರು ನೂರಾರು ಜನ ಕಾಣುತ್ತಾರೆ. ಆಗ ಲೋಲಕ ಇನ್ನೊಂದು ತುದಿಗೆ ಹೋಗಿ ‘ಅದೇನು ಮಹಾ’ ಎನ್ನುವ ಮಾತು ಶುರುವಾಗುತ್ತದೆ. ರೋಗ ಬದಲಾಗಿರುವುದಿಲ್ಲ, ನಮ್ಮ ಪರಿಚಯ ಬದಲಾಗಿರುತ್ತದೆ.

ಇದರಲ್ಲಿ ಆಡಳಿತದವರ ಪಾತ್ರವೂ ಇದೆ. ಗಾಬರಿ ಕಡಿಮೆ ಮಾಡಲು ‘ಇದರಿಂದ ಸಾವಿಲ್ಲ, ಹೆದರಬೇಡಿ’ ಎನ್ನುವುದು ಸುಲಭದ ಮಾತು. ಕೇಳಿದವರು ಅದನ್ನು ‘ಏನೂ ಮಾಡಬೇಕಿಲ್ಲ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ತೊಟ್ಟಿ ತೊಳೆಯಲು ಬಂದ ಆರೋಗ್ಯ ಕಾರ್ಯಕರ್ತೆಗೆ ‘ಬರೀ ಜ್ವರಕ್ಕೆ ಇಷ್ಟೆಲ್ಲ ಯಾಕೆ?’ ಎಂಬ ಪ್ರಶ್ನೆ ಎದುರಾಗುವುದು ಆಗಲೇ. ‘ಹೆಚ್ಚಿನವರು ಗುಣವಾಗುತ್ತಾರೆ, ಆದರೆ ವಯಸ್ಸಾದವರನ್ನು ನೋಡಿಕೊಳ್ಳಿ, ನೋವು ತಿಂಗಳುಗಟ್ಟಲೆ ಇರಬಹುದು, ಈ ವಾರ ತೊಟ್ಟಿ ಖಾಲಿ ಮಾಡಿ’ ಎನ್ನುವುದು ಉದ್ದದ ಮಾತು. ಆದರೆ ಅದೇ ನಿಜ, ಅದರಿಂದಲೇ ಉಪಯೋಗ.

ಮತ್ತೆ ಬರಬಹುದೇ?

ಚಿಕುನ್‌ಗುನ್ಯಾ ಒಮ್ಮೆ ಬಂದವರಲ್ಲಿ ದೀರ್ಘಕಾಲ ಉಳಿಯುವ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಒಂದು ಸೀಮೆಯಲ್ಲಿ ಬಹಳ ಜನರಿಗೆ ಬಂದುಹೋದ ಮೇಲೆ ವೈರಸ್ಸಿಗೆ ಹೊಸಬರು ಸಿಗುವುದು ಕಷ್ಟ, ಹಾವಳಿ ತಗ್ಗುತ್ತದೆ. ನಡುವೆ 32 ವರ್ಷ ದೊಡ್ಡ ಹಾವಳಿ ಇಲ್ಲದೆ, ಆಮೇಲೆ ಅದು ಅಷ್ಟು ಜೋರಾಗಿ ಬಂದದ್ದಕ್ಕೆ ಇದೂ ಒಂದು ವಿವರಣೆ. ಆ ಅವಧಿಯಲ್ಲಿ ಹುಟ್ಟಿದವರಲ್ಲಿ ರಕ್ಷಣೆ ಇರಲಿಲ್ಲ.

2006ರ ನಂತರ ಹುಟ್ಟಿದ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಆ ರಕ್ಷಣೆ ಇರುವುದಿಲ್ಲ. ‘ನಮ್ಮೂರಿಗೆ ಒಮ್ಮೆ ಬಂದುಹೋಗಿದೆ, ಇನ್ನು ಬರುವುದಿಲ್ಲ’ ಎಂಬ ಮಾತು ಹಳಬರ ಮಟ್ಟಿಗೆ ಬಹುಪಾಲು ನಿಜ, ಊರಿನ ಮಟ್ಟಿಗೆ ನಿಜವಲ್ಲ.

ತೆಂಗಿನ ಸೀಮೆಗೆ ಇನ್ನೂ ಒಂದು ಎಚ್ಚರಿಕೆ. ಒಳನಾಡಿನಲ್ಲಿ ರೋಗ ಹರಡುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟಿ. ಅದು ಮನೆಯ ತೊಟ್ಟಿ, ಡ್ರಮ್ಮುಗಳ ನೀರಿನಲ್ಲಿ ಹುಟ್ಟುತ್ತದೆ. ನೀರಿಗೆ ತತ್ವಾರವಿರುವ ಕಡೆ ವಾರಕ್ಕೊಮ್ಮೆ ಬರುವ ನೀರನ್ನು ತುಂಬಿಡಲೇಬೇಕು. ಆದ್ದರಿಂದ ಬೇಸಿಗೆಯಲ್ಲೂ ಸೊಳ್ಳೆಗೆ ಬರವಿಲ್ಲ. ಅದರ ಹತ್ತಿರದ ಸಂಬಂಧಿ, ಹುಲಿಸೊಳ್ಳೆ ಎನ್ನಲಾಗುವ ಈಡಿಸ್ ಆಲ್ಬೊಪಿಕ್ಟಸ್, ತೋಟ ಮತ್ತು ಪೊದೆಗಳ ನಡುವೆ ಬದುಕುತ್ತದೆ. ಬಿಸಾಡಿದ ತೆಂಗಿನ ಚಿಪ್ಪು, ಎಳನೀರು ಬುರುಡೆ, ಅಡಕೆ ಹಾಳೆಯಲ್ಲಿ ನಿಂತ ಮಳೆನೀರು ಅದಕ್ಕೆ ಸಾಕು. ರಿಯೂನಿಯನ್‌ನಲ್ಲಿ ವೈರಸ್ಸು ಪಡೆದ ಒಂದು ಸಣ್ಣ ಬದಲಾವಣೆ ಈ ಎರಡನೆಯ ಸೊಳ್ಳೆಯಲ್ಲಿ ಚೆನ್ನಾಗಿ ಬೆಳೆಯುವ ಶಕ್ತಿ ಕೊಟ್ಟಿತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಇದ್ದ ವೈರಸ್ ಕಂಡುಬಂತು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಎಂಟು–ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿದರೆ ಅಷ್ಟರಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಏಕೆಂದರೆ ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದರೆ ಒಡೆಯುತ್ತದೆ. ಚಿಪ್ಪಿನ ರಾಶಿಯನ್ನು ಸೂರಿನ ಕೆಳಗೆ ಹಾಕಿ ಅಥವಾ ಬೋರಲು ಹಾಕಿ. ಹೊಗೆ ಹೊಡೆಸಿದರೆ ಹಾರುವ ಸೊಳ್ಳೆ ಸಾಯಬಹುದು, ತೊಟ್ಟಿಯೊಳಗಿನ ಮರಿಗೆ ಏನೂ ಆಗುವುದಿಲ್ಲ.

ಜ್ವರ ಮತ್ತು ಕೀಲುನೋವು ಬಂದರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಡೆಂಗಿಯೂ ಹೀಗೆಯೇ ಶುರುವಾಗುತ್ತದೆ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್, ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರ ಭೇಟಿ ಸರಿಯಾದ ದಾರಿ. ವಯಸ್ಸಾದವರು, ಗರ್ಭಿಣಿಯರು, ಬೇರೆ ಕಾಯಿಲೆ ಇರುವವರು ತಡ ಮಾಡಬಾರದು.

ಮುಂದಿನ ಸಲ ಹೀಗೆ ಕೇಳಿ

ಮುಂದೆ ಯಾವುದೇ ಹೊಸ ರೋಗದ ಸುದ್ದಿ ಬಂದಾಗ ಸಂತೆಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ‘ಏನೂ ಇಲ್ಲ’ ಮತ್ತು ‘ಎಲ್ಲ ಮುಗೀತು’ ಎಂಬ ಎರಡು ಮಾತೂ ಕೇಳಿಸುತ್ತವೆ. ಯಾರು ಸರಿ ಎಂದು ಪಕ್ಷ ಹಿಡಿಯುವ ಮೊದಲು ಅವರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ ಎಂದು ನೋಡಿ. ಸಾವಿನ ಬಗ್ಗೆಯೋ, ಹರಡುವಿಕೆಯ ಬಗ್ಗೆಯೋ, ನರಳುವ ದಿನಗಳ ಬಗ್ಗೆಯೋ? ಯಾರ ಬಗ್ಗೆ, ಇಪ್ಪತ್ತರ ಹುಡುಗನೋ, ಎಪ್ಪತ್ತರ ಅಜ್ಜನೋ, ದಿನಗೂಲಿಯ ಹೆಂಗಸೋ? ಅಂಕಿ ಇದ್ದರೆ ಅದು ಶಂಕಿತರದ್ದೋ, ಪರೀಕ್ಷೆ ಮಾಡಿ ಖಚಿತವಾದವರದ್ದೋ? ಸಾವುಗಳನ್ನು ಹುಡುಕಿ ಎಣಿಸಿದ್ದಾರೋ, ಬರೆದುಕೊಂಡಷ್ಟನ್ನೇ ಕೂಡಿದ್ದಾರೋ?

ಇಷ್ಟು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಒಂದು ಮಾತು. ರೋಗ ದೊಡ್ಡದೋ ಚಿಕ್ಕದೋ ಎಂಬ ತೀರ್ಮಾನಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ತೊಟ್ಟಿ ಉಜ್ಜುವುದು, ಚಿಪ್ಪು ಬೋರಲು ಹಾಕುವುದು ಅಂಥವು. ಅದು ಬರೀ ಜ್ವರವೇ ಆಗಿದ್ದರೂ ಅದರಿಂದ ನಷ್ಟವಿಲ್ಲ.